ಸಲ್ಮಾಳ ಮರುದಿನ

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯನ್ನು ಎಲ್ಲರೂ ಮೆಹರುನ್‌ಳ ಕಥೆಯೆಂದೇ ಓದುತ್ತಾರೆ. ಗಂಡ ಬೇರೊಬ್ಬಳ ಹಿಂದೆ ಹೋದ. ತವರಿಗೆ ಬಂದವಳನ್ನು ಒಡಹುಟ್ಟಿದವರು ಮನೆತನದ ಮರ್ಯಾದೆಯ ಮಾತೆತ್ತಿ ವಾಪಸು ಬಿಟ್ಟುಬಂದರು. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಳು. ಈ ಕಥೆಯೂ ಇರುವ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗಲೂ ಮಾತೆಲ್ಲ ಹೆಚ್ಚಾಗಿ ತಾಯಂದಿರ ಸುತ್ತಲೇ ನಡೆಯಿತು. ನನ್ನನ್ನು ಕಾಡುವವಳು ಹಿರಿಮಗಳು ಸಲ್ಮಾ. ಕೂಸನ್ನೆತ್ತಿಕೊಂಡು ಓಡಿಬಂದು, ತಾಯಿಯ ಕಾಲ ಬಳಿ ಅದನ್ನು ಮಲಗಿಸಿ, ಅವಳನ್ನು ತಬ್ಬಿ ಬೇಡಿಕೊಳ್ಳುವ ಹುಡುಗಿ.

ಬೆಂಗಳೂರಿನ ಪೀಣ್ಯ, ದಾಸರಹಳ್ಳಿ, ಲಗ್ಗೆರೆಯ ಶೀಟ್ ಮನೆಗಳಲ್ಲಿ ಇಂಥ ಹಿರಿಮಗಳಂದಿರು ಎಷ್ಟೋ ಮಂದಿ. ಅಮ್ಮ ಬೆಳಿಗ್ಗೆಯೇ ಗಾರ್ಮೆಂಟ್ಸ್‌ಗೆ ಹೊರಡುತ್ತಾಳೆ. ನೀರು ಹಿಡಿಯುವುದು, ತಮ್ಮನಿಗೆ ಡಬ್ಬಿ ಕಟ್ಟುವುದು, ಅಪ್ಪ ಕುಡಿದು ಕೈಯೆತ್ತಿದ ರಾತ್ರಿ ಚಿಕ್ಕವರನ್ನು ಪಕ್ಕದ ಮನೆಗೆ ದಾಟಿಸುವುದು, ಎಲ್ಲ ಹಿರಿಮಗಳ ಪಾಲಿಗೆ. ನಡುವೆ ಎಸ್‌ಎಸ್‌ಎಲ್‌ಸಿ. ಅವಳಿಗೆಂದೇ ಬರೆದ ಕಾದಂಬರಿ ಕನ್ನಡದಲ್ಲಿ ಅಪರೂಪ. ಮಕ್ಕಳ ಸಾಹಿತ್ಯ ಹನ್ನೆರಡರ ಹೊತ್ತಿಗೆ ಅವಳ ಕೈಬಿಡುತ್ತದೆ. ದೊಡ್ಡವರ ಸಾಹಿತ್ಯ ಅವಳನ್ನು ದೊಡ್ಡವರ ಸಂಕಟಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತದೆ. ಸಿನಿಮಾವೇ ಈ ವಯಸ್ಸಿಗೆ ಹತ್ತಿರ ಬಂದಿದೆ. ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ (2022) ಹೆಸರಿನಲ್ಲೇ ಆ ವಯಸ್ಸನ್ನು ಹೊತ್ತಿದೆ.

ಸಲ್ಮಾಳ ಬಾಯಲ್ಲಿ ಬಾನು ಉಪದೇಶ ತುರುಕಲಿಲ್ಲ, ಅದು ಅವರ ದೊಡ್ಡತನ. ಅವಳ ಬೇಡಿಕೆಯಲ್ಲಿ ಸಿಟ್ಟೂ ಇದೆ: ಒಬ್ಬನನ್ನು ಕಳೆದುಕೊಂಡದ್ದಕ್ಕೆ ನಮ್ಮನ್ನೆಲ್ಲ ಬಿಟ್ಟುಹೋಗುತ್ತೀಯಾ ಎಂಬ ಸಿಟ್ಟು. ಆ ಸಿಟ್ಟೇ ತಾಯಿಯ ಕೈಯ ಬೆಂಕಿಪೊಟ್ಟಣವನ್ನು ಬೀಳಿಸುತ್ತದೆ. ಕನ್ನಡದಲ್ಲಿ ಹದಿಹರೆಯದ ಹುಡುಗಿಗೆ ಇಷ್ಟು ಘನತೆ ಕೊಟ್ಟ ಪುಟಗಳು ಹೆಚ್ಚಿಲ್ಲ.

ಆದರೂ ನನ್ನದೊಂದು ತಕರಾರಿದೆ. ತಾಯಿ ಮಗಳನ್ನು ಅಪ್ಪಿಕೊಳ್ಳುವಲ್ಲಿ ನಿಲ್ಲುವುದು ಸಣ್ಣಕಥೆಗೆ ಸರಿ. ಓದುವ ಹದಿನೈದರ ಹುಡುಗಿಗೆ ಮಾತ್ರ ಅದು ಇನ್ನೊಂದು ಹೊರೆಯಾಗಬಹುದು: ಅಮ್ಮನ ಜೀವ ಉಳಿಸುವುದೂ ನಿನ್ನದೇ ಕೆಲಸ ಎಂದಂತೆ. ಸಲ್ಮಾಳನ್ನು ಅಪ್ಪಿಕೊಳ್ಳಬೇಕಾದವರು ಯಾರು? ಮರುದಿನ ಅವಳು ಶಾಲೆಗೆ ಹೋದಳೇ? ಟೀಚರಿಗೆ ಹೇಳಿದಳೇ, ಗೆಳತಿಗೂ ಹೇಳದೆ ನುಂಗಿಕೊಂಡಳೇ? ಮಕ್ಕಳ ಸಹಾಯವಾಣಿ 1098 ಇದೆ. ಅದರ ಪಾಠ ಹೇಳುವ ಕಥೆ ನನಗೆ ಬೇಡ. ಅಪ್ಪನ ಮೇಲೆ ದೂರು ಕೊಟ್ಟ ಹುಡುಗಿ ಅದೇ ಸಂಜೆ, ಅದೇ ಒಂದು ಕೋಣೆಯ ಮನೆಗೆ ಹೇಗೆ ಕಾಲಿಡುತ್ತಾಳೆ ಎಂಬಲ್ಲಿಂದ ಶುರುವಾಗುವ ಕಾದಂಬರಿಯನ್ನು ಪೀಣ್ಯದ ಯಾರಾದರೂ ಬರೆಯಬೇಕು.