ಮೂರನೆಯ ಪಿನ್ನು ಕತ್ತರಿಸುವ ರಿಪೇರಿ

ಆಂಪ್ಲಿಫೈಯರಿನ ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನು ಕಿತ್ತುಹಾಕುವುದು, ಇಲ್ಲವೇ ಒಳಗಿನ ಹಸಿರು ವೈರು ಕತ್ತರಿಸಿ ಟೇಪು ಸುತ್ತುವುದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲೂ ಭಜನಾ ಮಂಡಳಿಗಳಲ್ಲೂ ಕಾಣಸಿಗುವ ರೂಢಿ. ಅನೇಕ ಸಲ ಸದ್ದು ನಿಜವಾಗಿಯೂ ನಿಲ್ಲುತ್ತದೆ. ಹೀಗಾಗಿಯೇ ಈ ರಿಪೇರಿಗೆ ಒಳ್ಳೆಯ ಹೆಸರು ಬಂದಿದೆ. ಆದರೆ ಸದ್ದು ಏಕೆ ನಿಂತಿತು, ನಿಂತಾಗ ಇನ್ನೇನು ಕಳೆದುಹೋಯಿತು ಎಂಬುದನ್ನು ನೋಡಿದರೆ ಆ ಹೆಸರು ಉಳಿಯುವುದಿಲ್ಲ.

ಮನೆಗೆ ಬರುವ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಕಂಪ್ಯೂಟರು ಒಂದು ಕೋಣೆಯ ಬೋರ್ಡಿನಿಂದಲೂ ಆಂಪ್ಲಿಫೈಯರು ಇನ್ನೊಂದು ಕೋಣೆಯ ಬೋರ್ಡಿನಿಂದಲೂ ಕರೆಂಟು ಪಡೆದಾಗ ಎರಡಕ್ಕೂ ಅರ್ಥಿಂಗ್ ಇರುತ್ತದೆ, ಆದರೆ ಆ ಎರಡು ಜಾಗಗಳ ಅರ್ಥ್ ವೋಲ್ಟೇಜು ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಹಾಡಿನ ವೈರು ಜೋಡಿಸಿದ ಕೂಡಲೇ ಅದರ ಹೊರಜಾಲರಿ ಎರಡನ್ನೂ ಬೆಸೆದು ಒಂದು ಸುತ್ತು ಪೂರ್ಣಗೊಳಿಸುತ್ತದೆ. ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟೇ ಗುಂಯ್‌ಗುಡುವುದು. ಮನೆಯ ಸಾಧನಗಳ ನಡುವೆ ಹಾಡು ಹರಿಯುವುದು ಸುಮಾರು 0.3 ವೋಲ್ಟಿನಲ್ಲಿ. ಅದರೊಳಗೆ 3 ಮಿಲಿವೋಲ್ಟ್ ಕಲಬೆರಕೆಯಾದರೂ ಸಾಕು, ಹಾಡಿನ ನೂರನೆಯ ಒಂದು ಪಾಲಿನಷ್ಟು ಸದ್ದು ಸದಾ ಹಿಂದೆ ನಿಂತಿರುತ್ತದೆ. ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಹೆಸರಾದ ತಮ್ಮಣ್ಣನ ಊರು. ಅಂಥ ಸೀಮೆಯಲ್ಲಿ ಪಾರಿಜಾತದ ಧ್ವನಿಮುದ್ರಿಕೆ ಹಾಕಿದಾಗ ಪದ ಮುಗಿದು ಮಾತು ಶುರುವಾಗುವ ಬಿಡುವಿನಲ್ಲಿ ಈ ಗುಂಯ್ ಎದ್ದು ಕೇಳಿದರೆ ಕೇಳುಗರಿಗೆ ಸಿಟ್ಟು ಬರುವುದು ಸಹಜ.

ಗುಂಯ್‌ಗುಡುವುದೆಲ್ಲ ಅರ್ಥಿಂಗ್ ದೋಷವಲ್ಲ. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಒಣಗಿದರೆ ಬರುವ ಸದ್ದು 100 ಹರ್ಟ್ಸ್, ಅಂದರೆ 50ಕ್ಕಿಂತ ಒಂದು ಸಪ್ತಕ ಮೇಲೆ. ಹಾರ್ಮೋನಿಯಂ ಬಲ್ಲವರ ಕಿವಿ ಈ ವ್ಯತ್ಯಾಸವನ್ನು ಮೀಟರಿಲ್ಲದೆಯೂ ಗುರುತಿಸಬಲ್ಲದು. ಇನ್‌ಪುಟ್ ವೈರುಗಳನ್ನೆಲ್ಲ ಕಿತ್ತರೂ ಸದ್ದು ಉಳಿದರೆ ದೋಷ ಹೆಚ್ಚಾಗಿ ಆಂಪ್ಲಿಫೈಯರಿನೊಳಗೇ ಇದೆ, ಪಿನ್ನು ಕತ್ತರಿಸಿ ಪ್ರಯೋಜನವಿಲ್ಲ. ವೈರಿನ ತುದಿ ಮುಟ್ಟಿದಾಗ ಸದ್ದು ಏರಿಳಿದರೆ ಹೊರಜಾಲರಿಯ ಬೆಸುಗೆ ಬಿಟ್ಟಿರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದ ಕ್ಷಣವೇ ಸದ್ದು ನಿಂತು, ಮತ್ತೆ ಸಿಕ್ಕಿಸಿದಾಗ ಮರಳಿದರೆ ಕಾರಣ ಚಾರ್ಜರಿನ ಮೂಲಕ ಸಾಗುವ ದಾರಿಯಲ್ಲಿದೆ. ಸುತ್ತು ಹಿಡಿಯಲು ಇಷ್ಟು ಸರಳವಾದ ಪರೀಕ್ಷೆ ಬೇರೆ ಇಲ್ಲ. ಟಿವಿಗೆ ಬರುವ ಕೇಬಲ್ಲನ್ನೂ ಹೀಗೇ ಒಮ್ಮೆ ತೆಗೆದು ನೋಡಬೇಕು. ಹೊರಗೆಲ್ಲೋ ಅರ್ಥ್ ಆದ ಅದರ ಜಾಲರಿ ಮನೆಯೊಳಗಿನ ಅರ್ಥ್ ಜೊತೆ ಸುತ್ತು ಕಟ್ಟುವುದು ಬಹಳ.

ಪಿನ್ನು ಕತ್ತರಿಸಿದಾಗ ಈ ಸುತ್ತು ತುಂಡಾಗುತ್ತದೆ, ಸದ್ದು ನಿಲ್ಲುತ್ತದೆ. ಅದೇ ಗಳಿಗೆಯಿಂದ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ನೆಲದ ನಂಟು ತಪ್ಪುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಹಾಳಾಗಿ ಫೇಸ್ ಪೆಟ್ಟಿಗೆಗೆ ತಾಗಿದರೆ, ಫ್ಯೂಸು ಹಾರಿಸಬೇಕಾದ ಕರೆಂಟಿಗೆ ದಾರಿಯೇ ಇರುವುದಿಲ್ಲ. ಮುಟ್ಟಿದವರ ದೇಹವೇ ದಾರಿಯಾಗುತ್ತದೆ. ಹಾಡಿನ ವೈರಿನ ಮೂಲಕ ಅದೇ 230 ವೋಲ್ಟ್ ಮೈಕಿನ ಹಿಡಿಗೂ ಬರಬಹುದು. ದೋಷವಿಲ್ಲದ ಸಾಧನದಲ್ಲೂ ಸೂಚನೆ ಸಿಗುತ್ತದೆ. ಕಂಪ್ಯೂಟರಿನಂಥವುಗಳ ಫಿಲ್ಟರಿನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಪೆಟ್ಟಿಗೆಗೆ ಸೇರಿರುತ್ತವೆ. ಅರ್ಥ್ ಇಲ್ಲದಾಗ ಪೆಟ್ಟಿಗೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಕರೆಂಟು ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಆದ್ದರಿಂದ ಬರೀ ಜುಮ್ಮೆನ್ನುತ್ತದೆ. ಮನೆಯಲ್ಲಿ ಯಾರಾದರೂ ಪೆಟ್ಟಿಗೆ ಜುಮ್ ಅಂತದೆ ಎಂದರೆ ಅದನ್ನು ತಳ್ಳಿಹಾಕಬಾರದು. ಕಂಪನಿಯೇ ಎರಡು ಪಿನ್ನು ಕೊಟ್ಟ, ಚೌಕದೊಳಗೊಂದು ಚೌಕದ ಗುರುತಿರುವ ಸಾಧನಗಳ ಮಾತು ಬೇರೆ; ಅವುಗಳಿಗೆ ಜೋಡಿ ಇನ್ಸುಲೇಶನ್ ಇರುತ್ತದೆ.

ಇನ್ನೊಂದು ರೂಢಿ ಆಂಪ್ಲಿಫೈಯರಿಗೆಂದೇ ಹಿತ್ತಲಲ್ಲಿ ಬೇರೆ ಅರ್ಥಿಂಗ್ ಗುಂಡಿ ತೋಡುವುದು. ಕೆಲಸ ಶ್ರದ್ಧೆಯದು: ಎರಡೂವರೆ ಮೀಟರಿನ ಜಿಐ ಪೈಪು, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿಗೆ ಆಗಾಗ ನೀರು. ಗುಂಡಿಗೆ ನೀರು ಹಾಕುವ ಅಭ್ಯಾಸ ಮೆಚ್ಚಬೇಕಾದದ್ದು, ಏಕೆಂದರೆ ಒಣ ನೆಲ ಪೈಪಿನ ಸಂಪರ್ಕ ಬಿಡುತ್ತದೆ. ಆದರೆ ತರ್ಕವೇ ತಲೆಕೆಳಗು. ದೋಷವಿದ್ದದ್ದು ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸದಲ್ಲಿ. ಪ್ರತ್ಯೇಕ ಗುಂಡಿ ಆ ವ್ಯತ್ಯಾಸವನ್ನು ಹೆಚ್ಚಿಸುತ್ತದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ಏರಿ, ಅದು ಹಾಡಿನ ವೈರಿನಲ್ಲೇ ಹಾಯಬಹುದು. ಒಂದು ಕಟ್ಟಡದ ಅರ್ಥಿಂಗ್‌ಗಳನ್ನೆಲ್ಲ ಒಂದಕ್ಕೊಂದು ಜೋಡಿಸಿರಬೇಕು. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಹೇಳುವುದೂ ಇದನ್ನೇ.

ಬೋರ್ಡಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಹಾಕುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ ಆ ಅರ್ಥ್‌ಗೆ ಸೇರಿದ ಪ್ರತಿಯೊಂದು ಲೋಹದ ಪೆಟ್ಟಿಗೆಯೂ 230 ವೋಲ್ಟಿನವರೆಗೆ ಏರಬಹುದು.

ಸರಿಯಾದ ದಾರಿ ಇವೆಲ್ಲಕ್ಕಿಂತ ಅಗ್ಗ. ಕಂಪ್ಯೂಟರು, ಟಿವಿ, ಆಂಪ್ಲಿಫೈಯರು ಎಲ್ಲವನ್ನೂ ಮೂರು ಪಿನ್ನಿನ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದರೆ ಅರ್ಥ್‌ಗಳ ವ್ಯತ್ಯಾಸ ಕುಸಿದು ಬಹುಪಾಲು ಸದ್ದು ಅಲ್ಲಿಗೇ ನಿಲ್ಲುತ್ತದೆ. ಹಾಡಿನ ವೈರು ಚಿಕ್ಕದಿರಬೇಕು, ಪವರ್ ವೈರಿನ ಜೊತೆ ಸುತ್ತಿಕೊಂಡಿರಬಾರದು. ಇಷ್ಟಾದರೂ ಉಳಿದ ಸದ್ದಿಗೆ ಹಾಡಿನ ವೈರಿನ ನಡುವೆ ಸಣ್ಣ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಹಾಡು ದಾಟುತ್ತದೆ, ಅರ್ಥ್ ಕರೆಂಟು ದಾಟುವುದಿಲ್ಲ. ಕತ್ತರಿಸಬೇಕಾದದ್ದು ಹಾಡಿನ ವೈರಿನ ಈ ಸುತ್ತನ್ನು, ಪವರ್ ವೈರಿನ ಅರ್ಥನ್ನಲ್ಲ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದಾಗ ತಾನೇ ಬೀಳುವ ಸ್ವಿಚ್ಚು) ಇದ್ದರೆ ರಕ್ಷಣೆ ಇನ್ನಷ್ಟು ಗಟ್ಟಿ, ಆದರೆ ಅದು ಅರ್ಥಿಂಗ್‌ಗೆ ಬದಲಿಯಲ್ಲ: ಅರ್ಥ್ ಇಲ್ಲದ ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದ ಮೇಲೆಯೇ ಅದು ಬೀಳುವುದು.

ಗೋಕಾಕ, ಮೂಡಲಗಿಗೆ ವಿದ್ಯುತ್ ಕೊಡುವುದು ಹೆಸ್ಕಾಂ. ಹುಕ್ಕೇರಿಗೆ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸರಬರಾಜು ಯಾರದೇ ಇರಲಿ, ಮೀಟರಿನಿಂದ ಒಳಗಿನ ವೈರಿಂಗ್ ಮತ್ತು ಅರ್ಥಿಂಗ್ ಸುಸ್ಥಿತಿಯಲ್ಲಿಡುವ ಹೊಣೆ ಮನೆಯವರದು. ಪಿನ್ನು ಕತ್ತರಿಸಿದ ಪ್ಲಗ್ಗು ಮನೆಯಲ್ಲಿ ಒಂದೇ ಇದ್ದರೂ ಇವತ್ತೇ ಬದಲಿಸಿ, ಹಸಿರು ವೈರು ಮತ್ತೆ ಕೂಡಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನಿಂದ ಅರ್ಥ್ ಟೆಸ್ಟರ್ ಹಾಕಿಸಿ ನೋಡಬೇಕು.