ಒಂದೇ 'ಪ್ರ', ಎರಡು ದಿಕ್ಕು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಕೂಡಲಿಗೆ ಹೋಗಿದ್ದೆ. ತುಂಗೆ, ಭದ್ರೆ ಕೂಡುವಲ್ಲಿ ಕೂತು ಪುರೋಹಿತರು ಹೇಳಿಸುತ್ತಿದ್ದರು: ಪಿತೃ, ಪಿತಾಮಹ, ಪ್ರಪಿತಾಮಹ. ದರ್ಭೆಯ ಮೇಲೆ ಮೂರು ಪಿಂಡ. ಅಪ್ಪ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಮೂರನೆಯ ಹೆಸರು ಬಂದಾಗ ನನ್ನ ಪಕ್ಕದವರು ತಡವರಿಸಿದರು. ಜೇಬಿನಿಂದ ಚೀಟಿ ತೆಗೆದು, ಕಣ್ಣಿನ ಹತ್ತಿರ ಹಿಡಿದು ಓದಿದರು. ನನ್ನ ಕಿವಿ ಮಾತ್ರ ಆ 'ಪ್ರ'ದಲ್ಲೇ ಉಳಿದಿತ್ತು.

ಈ 'ಪ್ರ'ಕ್ಕೆ ದೂರದ ದಾಯಾದಿಗಳಿದ್ದಾರೆ. ರಷ್ಯನ್ನರಿಗೆ ಅಜ್ಜ 'ದ್ಯೆದ್', ಮುತ್ತಜ್ಜ 'ಪ್ರದ್ಯೆದ್', ಅವನಪ್ಪ 'ಪ್ರಪ್ರದ್ಯೆದ್'. ಚೆಕ್ ನಾಡಿನ 1,491 ಮೀಟರ್ ಎತ್ತರದ ಬೆಟ್ಟವೊಂದಕ್ಕೆ 'ಪ್ರದ್ಯೆದ್' ಎಂದೇ ಹೆಸರು. ಎಲ್ಲ ಸ್ಲಾವಿಕ್ ಭಾಷೆಗಳ ತಾಯಿನುಡಿಯನ್ನೂ ಅವರು 'ಪ್ರ' ಹಚ್ಚಿಯೇ ಕರೆಯುತ್ತಾರೆ. ಶಿವಮೊಗ್ಗದ ಉರ್ದು ಮನೆಗಳಲ್ಲಿ ಕೇಳುವ 'ಪರ್‌ದಾದಾ'ದ 'ಪರ್' ಕೂಡ ಇದೇ ಬಳ್ಳಿಯ ಕಾಯಿ.

ಆದರೆ ಈ 'ಪ್ರ' ಮೇಲಕ್ಕೂ ಹತ್ತುತ್ತದೆ, ಕೆಳಕ್ಕೂ ಇಳಿಯುತ್ತದೆ. ಸಂಸ್ಕೃತದಲ್ಲಿ ಮೊಮ್ಮಗನ ಮಗ 'ಪ್ರಪೌತ್ರ', ರಷ್ಯನ್ನಿನಲ್ಲಿ 'ಪ್ರಾವ್ನುಕ್'. ಹೋದವನಿಗೂ ಮೊನ್ನೆ ಹುಟ್ಟಿದವನಿಗೂ ಒಂದೇ ಗುರುತು. ಕನ್ನಡ ಹಾಗೆ ಮಾಡಲಿಲ್ಲ. ಮೇಲಿನವನಿಗೆ 'ಮುತ್ತ' ಕೊಟ್ಟಿತು. ಮುದಿ, ಮುದುಕ, ಮುಪ್ಪು ಎಲ್ಲ ಅದರ ನೆಂಟರು. ಕೆಳಗಿನವನಿಗೆ 'ಮರಿ' ಕೊಟ್ಟಿತು. ಮುತ್ತಜ್ಜ ಎಂದರೆ ಸುಕ್ಕುಗಟ್ಟಿದ ಕೈ ಕಾಣುತ್ತದೆ, ಮರಿಮಗ ಎಂದರೆ ಹಾಲುಗಲ್ಲ. ವಂಶಾವಳಿ ಬರೆಯುವವರಿಗೆ 'ಪ್ರ' ಅನುಕೂಲ, ಒಪ್ಪುತ್ತೇನೆ. ಮನೆಯೊಳಗೆ ಕರೆಯಲು ನನಗೆ ಕನ್ನಡದ ಜೋಡಿಯೇ ಬೇಕು.

ದ್ರಾವಿಡ ನುಡಿಗಳೆಲ್ಲ ಹೀಗೇ ಎನ್ನುವಂತಿಲ್ಲ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿಕೊಂಡ ಮೇಲೆ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಿಳರೂ ಬಂದರು. ಅವರ ಮನೆಮಾತಿನಲ್ಲಿ ಮುತ್ತಜ್ಜ 'ಕೊಳ್ಳುತ್ತಾತ್ತಾ', ಮರಿಮಗ 'ಕೊಳ್ಳುಪ್ಪೇರನ್'. ಇಲ್ಲೂ ಎರಡು ಕಡೆಗೆ ಒಂದೇ ಗುರುತು. ತಮಿಳಿನಲ್ಲಿ 'ಕೊಳ್ಳು' ಅಂದರೆ ಹುರುಳಿಯೂ ಹೌದು. ಇನ್ನೊಂದು ತಲೆಮಾರು ಇಳಿದರೆ 'ಎಳ್ಳುಪ್ಪೇರನ್', ಎಳ್ಳು!

ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸೊಂದರ ಜಗುಲಿಯಲ್ಲಿ ತಮಿಳು ಅಜ್ಜಿಯೊಬ್ಬರು ಕಾಲ ಮೇಲೆ ಕೂಸು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಯಾರ ಮಗು ಎಂದೆ. 'ಕೊಳ್ಳುಪ್ಪೇರನ್' ಎಂದರು. ಪಕ್ಕದ ಮನೆಯ ಕನ್ನಡದ ಅಜ್ಜಿ ನನಗಾಗಿ ಬಿಡಿಸಿ ಹೇಳಿದರು: 'ಮರಿಮಗ ಕಣಪ್ಪಾ.'

'ಮರಿ ಅಂದ್ರೆ ಕೋಳಿಮರೀನಾ?' ಎಂದು ಕೇಳಿದರು ತಮಿಳು ಅಜ್ಜಿ, ಎಣ್ಣೆಗೈ ನಿಲ್ಲಿಸಿ.

'ಹೂಂ, ಅದೇ ಮರಿ.'