ಹಗುರವೆಲ್ಲ ಹದವಲ್ಲ

“ಕ್ಲಚ್ ಭಾಳ ಬಿಗಿ ಆಗ್ಯಾದ, ಸ್ವಲ್ಪ ಹಗೂರ ಮಾಡಿ ಕೊಡ್ರಿ.” ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಗ್ಯಾರೇಜುಗಳಿಗೆ ಈ ಬೇಡಿಕೆ ಹೊಸದಲ್ಲ. ಇದು ಸುಣ್ಣದಕಲ್ಲಿನ ನೆಲ. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ಹಿಂದಿನ ರಾಜಶ್ರೀ ಈಗಿನ ಅಲ್ಟ್ರಾಟೆಕ್, ಸೇಡಂನಲ್ಲಿ ವಾಸವದತ್ತಾ, ಇಟಗಾದಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್. ಒಳಗೆ ಬರುವ ಕಲ್ಲಿದ್ದಲು, ಜಿಪ್ಸಮ್, ಹಾರುಬೂದಿ. ಹೊರಗೆ ಹೋಗುವ ಸಿಮೆಂಟ್ ಚೀಲ. ಇದರ ಜೊತೆಗೆ ಶಹಾಬಾದ್ ಫರಸಿ ಹೇರಿದ ಟ್ರ್ಯಾಕ್ಟರು, ಸುಗ್ಗಿ ಬಂತೆಂದರೆ ತೊಗರಿ ಚೀಲದ ಟೆಂಪೊ. ಸಾಲಿನಲ್ಲಿ ನಿಂತ ಲಾರಿ ಒಂದು ಗಾಡಿಯುದ್ದ ಮುಂದೆ ಸರಿಯಬೇಕಾದರೂ ಕ್ಲಚ್ ಒತ್ತಲೇಬೇಕು. ದಿನಕ್ಕೆ ನೂರಾರು ಸಲ ಒತ್ತುವ ಪೆಡಲ್ಲನ್ನು ಸುಧಾರಿಸಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸುಧಾರಣೆ ಎಂದರೆ ಹಗುರ ಮಾಡುವುದು ಎಂದು ಚಾಲಕರೂ ಮೇಸ್ತ್ರಿಗಳೂ ಒಟ್ಟಿಗೆ ಒಪ್ಪಿಕೊಂಡುಬಿಟ್ಟಿರುವ ಅಳತೆಗೋಲು ತಪ್ಪು. ಅದು ಗಾಡಿಗೂ ಕೇಡು, ಬಹಳ ಸಲ ಯಾರ ಮೊಳಕಾಲಿಗಾಗಿ ಈ ರಿಪೇರಿಯೋ ಆ ಮೊಳಕಾಲಿಗೂ ಕೇಡು.

ಕ್ಲಚ್ ಪೆಡಲ್ಲಿನ ಗುಣ ಮೂರು ಸಂಗತಿಗಳ ಲೆಕ್ಕ: ಎಷ್ಟು ಬಲ ಬೇಕು, ಎಷ್ಟು ದೂರ ಒತ್ತಬೇಕು, ಒತ್ತುವಾಗ ಬಿಡುವಾಗ ಕಾಲಿಗೆ ಏನು ಗೊತ್ತಾಗುತ್ತದೆ. ಮೊದಲೆರಡು ಒಂದೇ ತಕ್ಕಡಿಯ ಎರಡು ತಟ್ಟೆ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮುಕ್ಕಾಲು ಇಂಚಿನ ಮಾಸ್ಟರ್ ಸಿಲಿಂಡರ್ ತೆಗೆದು 5/8 ಇಂಚಿನದು ಹಾಕಿದರೆ ಕಾಲಿನ ಬಲ ಸುಮಾರು 30 ಪ್ರತಿಶತ ಇಳಿಯುತ್ತದೆ; ಬೀಗುವಂಥ ಲಾಭ. ಆದರೆ ಅಷ್ಟೇ ಎಣ್ಣೆ ತಳ್ಳಲು ಪೆಡಲ್ 44 ಪ್ರತಿಶತ ಹೆಚ್ಚು ದೂರ ಹೋಗಬೇಕು. ಮೊದಲು 100 ಮಿ.ಮೀ. ಒತ್ತಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ 144 ಮಿ.ಮೀ. ಬೇಕು. ಪೆಡಲ್ 130ಕ್ಕೇ ನೆಲ ಮುಟ್ಟುವ ಗಾಡಿಯಾದರೆ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ, ಗೇರು ಹಾಕುವಾಗ ಹಲ್ಲು ಕಿರ್ರೆನ್ನುತ್ತದೆ. ಪುಕ್ಕಟೆ ಹಗುರ ಎಂಬುದು ಸನ್ನೆಕೋಲಿನ ಶಾಸ್ತ್ರದಲ್ಲಿ ಇಲ್ಲ. ಇನ್ನು ಮೂರನೆಯದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತೇ ಇದೆ, ಹದ. ಜೋಳದ ಹಿಟ್ಟು ನಾದುವವರು ಅಂಗೈಯಿಂದ, ಎರೆಹೊಲ ಬಿತ್ತುವವರು ಹಿಮ್ಮಡಿಯಿಂದ ತಿಳಿಯುವುದು ಅದನ್ನೇ. ಕ್ಲಚ್ಚಿನಲ್ಲಿ ಹದವೆಂದರೆ ಪ್ಲೇಟು ಎಲ್ಲಿ ಹಿಡಿಯಲು ಶುರು ಮಾಡುತ್ತದೆ, ಎಲ್ಲಿ ಪೂರ್ತಿ ಹಿಡಿಯುತ್ತದೆ ಎಂಬುದು ಪಾದಕ್ಕೆ ದಿನವೂ ಒಂದೇ ಜಾಗದಲ್ಲಿ, ಮುಚ್ಚುಮರೆಯಿಲ್ಲದೆ ಸಿಗುವುದು. ಬಿಗಿಯಾಗಿದ್ದೂ ಹದವಾಗಿರುವ ಕ್ಲಚ್ ಇರಬಹುದು. ಹಗುರವಾಗಿದ್ದೂ ಮಂಕಾಗಿರುವ ಕ್ಲಚ್ ಇರಬಹುದು. ಎರಡನೆಯದರ ಜೊತೆ ಬದುಕುವುದೇ ಕಷ್ಟ, ಏಕೆಂದರೆ ಅಲ್ಲಿ ಪಾದ ಕುರುಡು.

ಬಿಗಿ ಎಂಬುದು ಸ್ವತಃ ಒಂದು ಸುದ್ದಿ ಎಂಬುದನ್ನು ‘ಹಗುರ ಮಾಡ್ರಿ’ ಸಂಪ್ರದಾಯ ಮರೆಯುತ್ತದೆ. ಇವತ್ತಿನ ಬಹುತೇಕ ಕಾರು, ಲಾರಿಗಳ ಪ್ರೆಷರ್ ಪ್ಲೇಟಿನಲ್ಲಿರುವುದು ಡಯಾಫ್ರಾಮ್ ಸ್ಪ್ರಿಂಗ್, ತಟ್ಟೆಯಾಕಾರದ ಉಕ್ಕಿನ ಸ್ಪ್ರಿಂಗು. ಕ್ಲಚ್ ಪ್ಲೇಟು ಸವೆದು ತೆಳ್ಳಗಾದಂತೆ ಈ ತಟ್ಟೆಯ ಕೋನ ಬದಲಾಗುತ್ತದೆ, ಅದನ್ನು ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ಆರು ತಿಂಗಳ ಹಿಂದೆ ಮೆತ್ತಗಿದ್ದ ಪೆಡಲ್ ಈಗ ಕಲ್ಲಾಗಿದ್ದರೆ, ‘ನನ್ನ ಆಯುಷ್ಯ ಮುಗೀಲಿಕ್ಕೆ ಬಂತು’ ಎಂದು ಪ್ಲೇಟು ಹೇಳುತ್ತಿರುವ ಸಾಧ್ಯತೆ ದೊಡ್ಡದು. ಹಳೆಯ ಲಾರಿಗಳ, ಕೆಲವು ಟ್ರ್ಯಾಕ್ಟರುಗಳ ಕಾಯಿಲ್ ಸ್ಪ್ರಿಂಗ್ ಕ್ಲಚ್ಚಿನ ನಡೆ ಇದಕ್ಕೆ ತಿರುವುಮುರುವು. ಅಲ್ಲಿ ಪ್ಲೇಟು ಸವೆದಂತೆ ಸ್ಪ್ರಿಂಗಿನ ಒತ್ತಡ ಇಳಿದು ಪೆಡಲ್ ಹಗುರವಾಗುತ್ತದೆ, ಜೊತೆಗೆ ಕ್ಲಚ್ ಜಾರತೊಡಗುತ್ತದೆ. ಅಂದರೆ ಒಂದು ಗಾಡಿಯಲ್ಲಿ ಬಿಗಿ ರೋಗಲಕ್ಷಣ, ಇನ್ನೊಂದರಲ್ಲಿ ಹಗುರವೇ ರೋಗಲಕ್ಷಣ. ಯಾವ ಸ್ಪ್ರಿಂಗ್ ಎಂದು ಕೇಳದೆ ಎಲ್ಲದಕ್ಕೂ ಹಗುರ ಮಾಡುವ ಒಂದೇ ಮದ್ದು ಕೊಡುವುದು ಜ್ವರ ಯಾಕೆ ಬಂತೆಂದು ನೋಡದೆ ಥರ್ಮಾಮೀಟರನ್ನೇ ತಣ್ಣೀರಿನಲ್ಲಿ ಅದ್ದಿದ ಹಾಗೆ.

ಪ್ಲೇಟು ಚೆನ್ನಾಗಿದ್ದೂ ಪೆಡಲ್ ಬಿಗಿಯಾಗಿರುವುದುಂಟು, ಈ ಸೀಮೆಯಲ್ಲಿ ಅದಕ್ಕೆ ಕಾರಣ ಕಣ್ಣೆದುರೇ ಇದೆ. ಸಿಮೆಂಟಿನ ಧೂಳು, ಕಲ್ಲುಗಣಿಯ ಧೂಳು, ಎರೆಮಣ್ಣಿನ ಧೂಳು. ಪೆಡಲ್ಲಿನ ಬುಷ್ಷಿಗೆ, ಕ್ರಾಸ್ ಶಾಫ್ಟಿಗೆ, ಫೋರ್ಕಿನ ಕೂರುಜಾಗಕ್ಕೆ ಹಾಕಿದ ಗ್ರೀಸಿಗೆ ಈ ಧೂಳು ಮೆತ್ತಿಕೊಂಡರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಸಾಣೆ ಹಿಡಿಯುವ ಪೇಸ್ಟಾಗುತ್ತದೆ. ಹೊಸ ಗ್ರೀಸನ್ನು ಹಳೆಯದರ ಮೇಲೆಯೇ ಬಳಿದರೆ ಸಾಣೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಪೆಡಲ್ ಕೆಳಗೆ ಬಗ್ಗಿ ಪುಶ್‌ರಾಡಿನ ಪಿನ್ನನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತದೆ: ದುಂಡಗಿರಬೇಕಾದ ತೂತು ಹುಣಸೆಬೀಜದ ಹಾಗೆ ಸೊಟ್ಟಗಾಗಿರುತ್ತದೆ, ಪಿನ್ನಿನ ನಡುವಿಗೆ ಸೊಂಟಪಟ್ಟಿ ಕಟ್ಟಿದಂತೆ ಸವೆತದ ಗೆರೆ ಬಿದ್ದಿರುತ್ತದೆ. ಪೆಡಲ್ಲಿನ ಸನ್ನೆಕೋಲು 6ಕ್ಕೆ 1 ಇದ್ದರೆ ಪಿನ್ನಿನಲ್ಲಿ ಸಡಿಲಾದ 2 ಮಿ.ಮೀ. ಪಾದದಲ್ಲಿ 12 ಮಿ.ಮೀ. ಅಷ್ಟು ದೂರ ಪೆಡಲ್ ಏನೂ ಕೆಲಸ ಮಾಡದೆ ಹೋಗುತ್ತದೆ, ಆಮೇಲೆ ಒಮ್ಮೆಗೇ ಗಟ್ಟಿಯಾಗುತ್ತದೆ. ಚಾಲಕರ ಪಾದಕ್ಕೆ ಇದು ‘ಬಿಗಿ’ ಎಂದೇ ತೋರುತ್ತದೆ, ನಿಜಕ್ಕೂ ಅದು ಸಡಿಲ. ಎಣ್ಣೆಯ ಕತೆಯೂ ಇಂಥದ್ದೇ. ಕ್ಲಚ್ಚಿಗೆ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಜಾತಿಯದು. ಡಾಟ್ 3 ಎಣ್ಣೆ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರ ಲೆಕ್ಕ 230 ಮತ್ತು 155. ಬೇಸಿಗೆಯ ಮಧ್ಯಾಹ್ನ ಸಾಲಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳುವ ಗಾಡಿಯ ಗೇರ್‌ಬಾಕ್ಸ್ ಮಗ್ಗುಲಲ್ಲಿ ಕೂತ ಸಿಲಿಂಡರಿಗೆ ಆ ಅಂತರ ಸಣ್ಣದಲ್ಲ, ಎಣ್ಣೆ ಕುದಿದರೆ ಒಳಗೆ ಗುಳ್ಳೆ ಏಳುತ್ತದೆ. ಡಬ್ಬಿಯಲ್ಲಿ ಎಣ್ಣೆ ಕಪ್ಪಗಾಗಿದ್ದರೆ ಒಳಗಿನ ರಬ್ಬರ್ ಕಪ್ ಸವೆಯುತ್ತಿರಬಹುದು. ಇವೆಲ್ಲ ಘರ್ಷಣೆಯಲ್ಲಿ, ಸಡಿಲಿನಲ್ಲಿ, ಗಾಳಿಗುಳ್ಳೆಯಲ್ಲಿ ಪೋಲಾಗುವ ಬಲ. ಇದನ್ನು ಉಳಿಸಿದರೆ ಪೆಡಲ್ ತಾನಾಗಿ ಹಗುರವಾಗುತ್ತದೆ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನೂ ಕಳೆದುಕೊಳ್ಳದೆ.

ಈ ವಾದಕ್ಕೆ ಒಂದು ಸಾಕ್ಷಿ ತೀರ ದೂರದ ಜಗತ್ತಿನಿಂದ ಸಿಗುತ್ತದೆ, ಮ್ಯಾನುಯಲ್ ಗೇರಿನ ಸ್ಪೋರ್ಟ್ಸ್ ಕಾರುಗಳಿಂದ. ಅಲ್ಲಿನ ಮಾಲೀಕರು ಕ್ಲಚ್ಚಿಗೆ ಹಣ ಸುರಿಯುವುದು ನಮ್ಮ ಬೇಡಿಕೆಗೆ ನೇರ ವಿರುದ್ಧವಾದ ಕಾರಣಕ್ಕೆ. ಟೊಯೊಟಾ 86 ಮತ್ತು ಅದರ ಅವಳಿ ಸುಬಾರು ಬಿಆರ್‌ಝಡ್ ಕಾರುಗಳ ಪೆಡಲ್ಲಿಗೆ ಕಾರ್ಖಾನೆಯೇ ಒಂದು ಸಹಾಯಕ ಸ್ಪ್ರಿಂಗ್ ಕೊಟ್ಟಿದೆ. ಪೆಡಲ್ ಅರ್ಧ ದಾಟಿದ ಮೇಲೆ ಅದು ಕಾಲಿನ ಪರವಾಗಿ ತಳ್ಳುತ್ತದೆ. ಅದರಿಂದ ಪ್ಲೇಟು ಎಲ್ಲಿ ಹಿಡಿಯುತ್ತದೆಂಬುದೇ ಮಸುಕಾಗುತ್ತದೆ ಎಂದು ಎಷ್ಟೋ ಮಾಲೀಕರು ಅದನ್ನು ತೆಗೆದು ಮೆದು ಸ್ಪ್ರಿಂಗ್ ಹಾಕಿಸುತ್ತಾರೆ. ಬಿಎಂಡಬ್ಲ್ಯು ಕಂಪನಿಯ ಹಲವು ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಎಣ್ಣೆಯ ದಾರಿಗೆ ಒಂದು ಚಿಕ್ಕ ವಾಲ್ವ್ ಇರುತ್ತದೆ. ಪೆಡಲ್ಲನ್ನು ದಢಕ್ಕನೆ ಬಿಟ್ಟರೂ ಎಣ್ಣೆ ನಿಧಾನವಾಗಿ ಹಿಂದೆ ಬರುವಂತೆ ಅದು ತಡೆಯುತ್ತದೆ. ಒರಟು ಕಾಲಿನಿಂದ ಗೇರ್‌ಬಾಕ್ಸನ್ನೂ ಆಕ್ಸಲನ್ನೂ ಕಾಯುವುದು ಅದರ ಉದ್ದೇಶ. ಪಳಗಿದ ಕಾಲಿನವರಿಗೆ ಮಾತ್ರ ಅದು ತಮ್ಮ ಪಾದಕ್ಕೂ ಪ್ಲೇಟಿಗೂ ನಡುವೆ ನಿಂತ ದುಭಾಷಿ. ಅದನ್ನೂ ಕಿತ್ತು ಹಾಕಿಸುತ್ತಾರೆ. ಶೋಕಿಯ ಜನರೆಂದು ಇವರನ್ನು ತಳ್ಳಿಹಾಕಬಹುದು. ಆದರೆ ಇವರು ಕಂಡುಕೊಂಡ ಸತ್ಯ ಶೋಕಿಯದಲ್ಲ: ಪೆಡಲ್ಲಿನಿಂದ ಭಾರ ಕಳೆಯುವ ಪ್ರತಿಯೊಂದು ಉಪಾಯದಲ್ಲೂ ಅಷ್ಟಷ್ಟು ಮಾತನ್ನೂ ಕಳೆಯುವ ಅಪಾಯವಿದೆ. ಒಟ್ಟು 28 ಟನ್ ತೂಗುತ್ತಾ ಏರಿನಲ್ಲಿ ನಿಂತ ಲಾರಿಯನ್ನು ಹಿಂದಕ್ಕೆ ಜಾರಿಸದೆ ಎಬ್ಬಿಸಬೇಕಾದ ಚಾಲಕರಿಗೆ ಆ ಮಾತಿನ ಅಗತ್ಯ ರೇಸ್ ಟ್ರ್ಯಾಕಿನವರಿಗಿಂತ ಹೆಚ್ಚೇ ಇದೆ.

ಹಗುರ ಮಾಡುವ ಅಡ್ಡದಾರಿಗಳನ್ನು ಬಿಡಿಬಿಡಿಯಾಗಿ ನೋಡಿದರೂ ತೀರ್ಪು ಬದಲಾಗದು. ರಿಲೀಸ್ ಲಿವರಿಗೆ ಬೆಸುಗೆ ಹಾಕಿ ಉದ್ದ ಮಾಡುವುದು ಮೇಲೆ ಹೇಳಿದ 30–44ರ ಲೆಕ್ಕದ ಇನ್ನೊಂದು ರೂಪ ಅಷ್ಟೆ. ಫ್ರೀ ಪ್ಲೇ, ಅಂದರೆ ಪೆಡಲ್ಲಿಗೆ ಬೇಕೆಂದೇ ಬಿಟ್ಟ ಸಡಿಲು, ಪೂರ್ತಿ ತೆಗೆದು ಪೆಡಲ್ ‘ಕೂಡಲೇ ಹಿಡಿಯುವಂತೆ’ ಮಾಡಿದರೆ ರಿಲೀಸ್ ಬೇರಿಂಗ್ ಸದಾ ಸುತ್ತುತ್ತಾ, ಬೇಗ ಸವೆದು ಕಿರುಗುಟ್ಟತೊಡಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಡಿಮೆ ಬಲದ ಪ್ರೆಷರ್ ಪ್ಲೇಟ್ ಹಾಕುವುದು. ಕ್ಲಚ್ ಎಷ್ಟು ಸೆಳೆತ ಹೊರಬಲ್ಲದು ಎಂಬುದು ಪ್ಲೇಟನ್ನು ಅದುಮುವ ಬಲಕ್ಕೆ ನೇರ ಅನುಪಾತ. ಅದುಮುವ ಬಲ 15 ಪ್ರತಿಶತ ಇಳಿದರೆ ಹೊರುವ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಇತ್ತ ಹೊರೆ ಮಾತ್ರ ಏರಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಹೆಚ್ಚಿಸಿದಾಗ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಹೋಯಿತು. ಕಾನೂನಿನ ಒಳಗೇ ಹೊರೆ ಹೆಚ್ಚಿರುವಾಗ ಕ್ಲಚ್ಚಿನ ಬಲ ಕಡಿಮೆ ಮಾಡಿಸುವುದು ಹಗ್ಗ ತೆಳ್ಳಗೆ ಮಾಡಿ ಕೊಡ ದೊಡ್ಡದು ಕಟ್ಟಿದಂತೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಮಾನವೀಯವಾದದ್ದು, ಹಾಗಾಗಿ ಗಟ್ಟಿಯಾದದ್ದು. ಹದ, ಮಾತು ಎಂದೆಲ್ಲ ಬರೆಯುವವರ ಎಡಗಾಲು ದಿನವಿಡೀ ಪೆಡಲ್ ಮೇಲಿರುವುದಿಲ್ಲ, ನೋವು ಚಾಲಕರದು. ನಿಜ. ಚಾಲಕರ ದೇಹಸುಖವನ್ನು ಈಗ ಕಾನೂನೂ ಲೆಕ್ಕಕ್ಕೆ ತೆಗೆದುಕೊಂಡಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಕಾಲಿನ ಭಾರ ಇಳಿಸುವುದೂ ಅದೇ ಸಾಲಿನ ನ್ಯಾಯ. ಅದಕ್ಕೆ ಸರಿಯಾದ ದಾರಿಯೂ ಇದೆ, ಗಾಳಿಯ ಬೂಸ್ಟರ್. ಒಳ್ಳೆಯ ಬೂಸ್ಟರ್ ಕಾಲು ಎಷ್ಟು ಒತ್ತಿತೋ ಅದಕ್ಕೆ ತಕ್ಕಷ್ಟೇ ಗಾಳಿಯ ನೆರವು ಕೊಡುತ್ತದೆ. ಬಲ ಇಳಿದರೂ ಪ್ಲೇಟಿನ ಸುದ್ದಿ ಪಾದಕ್ಕೆ ಸಣ್ಣ ದನಿಯಲ್ಲಾದರೂ ತಲುಪುತ್ತಿರುತ್ತದೆ. ಬೂಸ್ಟರ್ ಇರುವ ಲಾರಿಯ ಪೆಡಲ್ ಬಿಗಿಯಾಗಿದೆ ಎಂದರೆ ಮೊದಲು ನೋಡಬೇಕಾದ್ದು ಟ್ಯಾಂಕಿನ ಗಾಳಿಯ ಒತ್ತಡ, ಟ್ಯಾಂಕಿನ ತಳದಲ್ಲಿ ನಿಂತ ನೀರು, ಸೋರುವ ಪೈಪು. ಇನ್ನೊಂದು ಮಾತು ಚಾಲಕರಿಗೆ ಹಿಡಿಸದಿರಬಹುದು. ಪೆಡಲ್ ಹಗುರವಾದಷ್ಟೂ ಪಾದ ಅದರ ಮೇಲೆಯೇ ವಿಶ್ರಾಂತಿ ಪಡೆಯುತ್ತದೆ. ಗೊತ್ತಿಲ್ಲದೆಯೇ ಹಾಫ್ ಕ್ಲಚ್, ಗೊತ್ತಿಲ್ಲದೆಯೇ ಬಿಸಿ, ಗೊತ್ತಿಲ್ಲದೆಯೇ ಸವೆತ. ಡಯಾಫ್ರಾಮ್ ಕ್ಲಚ್ಚಾದರೆ ಆ ಸವೆತ ಪೆಡಲ್ಲನ್ನು ಮತ್ತೆ ಬಿಗಿ ಮಾಡಿ ಅದೇ ಮೊಳಕಾಲಿಗೆ ವಾಪಸ್ ತರುತ್ತದೆ. ಸಾಲಿನಲ್ಲಿ ನಿಂತಾಗ ಗೇರು ನ್ಯೂಟ್ರಲ್ ಮಾಡಿ ಕಾಲು ತೆಗೆಯುವುದಕ್ಕಿಂತ ಹಗುರವಾದ ಕ್ಲಚ್ ಯಾವ ಕಂಪನಿಯೂ ಮಾಡಿಲ್ಲ.

ಎರಡನೆಯದು ಮೇಸ್ತ್ರಿಯ ಆಕ್ಷೇಪ. ಪಿನ್ನು, ಬುಷ್ಷು ಅಂತ ಹುಡುಕುತ್ತಾ ಕೂತರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಅವನಿಗೆ ಬೇಕಾದ್ದು ಒತ್ತಿದ ಕೂಡಲೇ ಗೊತ್ತಾಗುವ ಫರಕು. ವ್ಯಾಪಾರದ ದೃಷ್ಟಿಯಿಂದ ಇದು ಸುಳ್ಳಲ್ಲ. ಆದರೆ ಒಂದೇ ಒತ್ತಿಗೆ ಗೊತ್ತಾಗುವ ಫರಕು ಒಂದೇ ಒತ್ತಿಗೆ ಸಾಕಾಗುವ ಪ್ರಮಾಣಪತ್ರ. ತಣ್ಣಗಿರುವಾಗ ಮತ್ತು ಬಿಸಿಯಾದ ಮೇಲೆ, ಖಾಲಿ ಮತ್ತು ಲೋಡು, ಸಮನೆಲ ಮತ್ತು ಏರು, ಹೀಗೆ ನೋಡದ ರಿಪೇರಿ ಪರೀಕ್ಷೆಯೇ ಕೊಡದೆ ಪಾಸಾದ ಹಾಗೆ. ಮೂರನೆಯ ಆಕ್ಷೇಪ ಕಾಲದ್ದು: ಕ್ಲಚ್ ಪೆಡಲ್ಲೇ ಹೋಗುತ್ತಿದೆಯಲ್ಲ? 2014ರಲ್ಲಿ ಮಾರುತಿ ಸೆಲೆರಿಯೊ ತಾನೇ ಗೇರು ಬದಲಿಸುವ ಅಗ್ಗದ ಎಎಂಟಿ ತಂದಿತು, 2020ರಲ್ಲಿ ಹ್ಯುಂಡೈ ವೆನ್ಯೂ ಗೇರು ಉಳಿಸಿಕೊಂಡು ಕ್ಲಚ್ ಪೆಡಲ್ ತೆಗೆದ ಮಾದರಿ ತಂದಿತು, ದೊಡ್ಡ ಲಾರಿಗಳಿಗೂ ಎಎಂಟಿ ಬಂದಿದೆ. ಸರಿ. ಆದರೆ ಈ ಎಲ್ಲದರೊಳಗೂ ಕ್ಲಚ್ ಪ್ಲೇಟು ಇದ್ದೇ ಇದೆ. ಪಾದದ ಜಾಗದಲ್ಲಿ ಕಂಪ್ಯೂಟರು ಕೂತಿದೆ ಅಷ್ಟೆ, ಆ ಕಂಪ್ಯೂಟರು ಕೂಡ ಮೊದಲು ಕಲಿಯಬೇಕಾದ ಪಾಠ ಪ್ಲೇಟು ಎಲ್ಲಿ ಹಿಡಿಯುತ್ತದೆ ಎಂಬುದೇ. ಅಲ್ಲದೆ ಇಲ್ಲಿನ ಫರಸಿ ಗಣಿಯ ಟ್ರ್ಯಾಕ್ಟರುಗಳು, ಎರಡನೇ ಕೈಯ ಟಿಪ್ಪರುಗಳು ನಾಳೆಯೇ ಗುಜರಿಗೆ ಹೋಗುವವಲ್ಲ.

ಹಾಗಾಗಿ ಒಳ್ಳೆಯ ಕ್ಲಚ್ ಕೆಲಸವನ್ನು ಅಳೆಯಲು ಕಾಲಿನ ಬಲ ಬೇಡ, ಎರಡು ಸಾದಾ ಪರೀಕ್ಷೆ ಸಾಕು. ಎಂಜಿನ್ ಚಾಲೂ ಇಟ್ಟು ಕ್ಲಚ್ ಪೂರ್ತಿ ಒತ್ತಿ, ಮೂರು ಸೆಕೆಂಡು ತಡೆದು ರಿವರ್ಸ್ ಹಾಕಿ: ಸದ್ದಿಲ್ಲದೆ ಬಿದ್ದರೆ ಪ್ಲೇಟು ಪೂರ್ತಿ ಬಿಡುತ್ತಿದೆ. ಆಮೇಲೆ ಸಮನೆಲದಲ್ಲಿ ಮೊದಲನೇ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಪೆಡಲ್ಲನ್ನು ಮೆಲ್ಲಗೆ ಬಿಡುತ್ತಾ ಎಂಜಿನ್ ದನಿ ಇಳಿಯುವ ಜಾಗ ಗುರುತಿಟ್ಟುಕೊಳ್ಳಿ. ಗಾಡಿ ಬಿಸಿಯಾದ ಮೇಲೆ ಮತ್ತೆ ನೋಡಿ. ಜಾಗ ಬದಲಾಗಿದ್ದರೆ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿರುವ ಅಥವಾ ಕಪ್ ಸೋರುತ್ತಿರುವ ಸಂಶಯ ಮೊದಲು ಬರಬೇಕು. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ‘ಹಗೂರ ಮಾಡ್ರಿ’ ಎನ್ನುವ ಬದಲು ‘ಎಲ್ಲಿ ಹಿಡೀತದ ನೋಡ್ರಿ’ ಎಂದು ಕೇಳಿ. ಪಿನ್ನು, ಪೆಡಲ್ ಬುಷ್ಷು, ಎಣ್ಣೆ, ಈ ಮೂರನ್ನೂ ಗೇರ್‌ಬಾಕ್ಸ್ ಇಳಿಸದೆಯೇ ನೋಡಬಹುದು.